ಜ್ಯೋತೆಪ್ಪನ ಬಗ್ಗೆ ನೀನು ಕೇಳಿದ ಮಾತು

ಕವಲಾಪುರ
ತಾ. ೧೪ ಜೂನ್ ೧೯೯೮

ಮುದ್ದಿನ ಶುಭಾಂಗಿಗೆ,

ನಿನ್ನ ಲಗಮಣ್ಣ ಕಾಕಾ ಮನಸಾರೆ ಹರಸಿ ಬರೆಯುವುದೇನೆಂದರೆ, ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಕಾಕಿಯ ಮೊಣಕಾಲು ಮಾತ್ರ ರೇಡಿಯೋಕ್ಕಿಂತ ಮೊದಲೇ ಮಳೆಯ ಸುದ್ದಿ ಹೇಳುತ್ತಿದೆ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಬಿತ್ತನೆಯ ಗಡಿಬಿಡಿಯಿತ್ತು ಎಂದು ಬರೆಯಬಹುದಿತ್ತು. ಅದು ಸುಳ್ಳು. ಮೂರು ಸಲ ಬರೆದು ಮೂರು ಸಲವೂ ಹರಿದೆ. ಅಕ್ಷರ ಬಾರದೆ ಹರಿದದ್ದಲ್ಲ. ಸಾಲೆಯಲ್ಲಿ ಕಲಿತ ನಾಲ್ಕನೇ ಇಯತ್ತೆಯ ಮೇಲೆಯೇ ಅರ್ಧ ಊರಿನ ಅರ್ಜಿ ಬರೆದ ಕೈ ಇದು.

ನಿಮ್ಮ ಮಿರಜದ ಬಿಲ್ಡಿಂಗಿನ ವೈರಿಂಗ್ ಕೆಲಸಕ್ಕೆ ನಮ್ಮೂರ ಜ್ಯೋತೆಪ್ಪ ಅರ್ಜಿ ಹಾಕಿದ್ದಾನೆ, ಜೂನ್ ೨೧ರ ರವಿವಾರ ಸೊಸೈಟಿಯ ಮೀಟಿಂಗಿನಲ್ಲಿ ನಿನ್ನ ಯಜಮಾನರು ಸುಶಾಂತರಾವ್ ತೀರ್ಮಾನ ಹೇಳಬೇಕು ಎಂದು ಬರೆದಿದ್ದೀ. ನಿನ್ನ ಮಾವನವರು, "ಚಾಲೂ ಮಷೀನಿಗೆ ಕೈ ಹಾಕಿದ ಮನುಷ್ಯಾ ಅಂವ, ಬ್ಯಾಡ" ಅನ್ನುತ್ತಾರಂತೆ. "ಕಾಕಾ, ನೀವು ಕಣ್ಣಾರೆ ಕಂಡವರು, ಏನು ಮಾಡೋಣ ಹೇಳ್ರಿ" ಎಂದು ಕೇಳಿದ್ದೀ.

ಹೇಳುತ್ತೇನೆ, ಕೇಳು.

ನಿಮ್ಮ ವಾಸ್ತುಶಾಂತಿಯ ದಿನ ದೇವರ ಹಲಗೆ ಇನ್ನೂ ಗೋಡೆಗೆ ಕೂತಿರಲಿಲ್ಲ. ಜ್ಯೋತೆಪ್ಪ ತನ್ನ ಡ್ರಿಲ್ ಮಷೀನು ತೆಗೆದು ನಿಂತಿದ್ದ. ಬೀಗರೆಲ್ಲ ಕೂತಿದ್ದಾರೆ, ಅಂಥ ಹೊತ್ತಿನಲ್ಲಿ ನಾನು ಸುಮ್ಮನಿರುವ ಪೈಕಿಯೇ? "ತಾ ಇಲ್ಲಿ, ಹೆಣ್ಣು ಕೊಟ್ಟವರ ಕೈಗುಣಾ ನೋಡ್ಲಿ ಇವರು" ಎಂದು ಕಸಿದುಕೊಂಡೆ. ನಿನ್ನ ಮಾವನವರು ಆಗಷ್ಟೇ ನನಗೆ ಟಾವೆಲ್ ಹಾಕಿ ಟೋಪಿ ಇಟ್ಟು ಆಹೇರಿನ ಮರ್ಯಾದೆ ಮಾಡಿದ್ದರು. ಹೊಸ ಟಾವೆಲ್ ಕೊರಳಲ್ಲಿಯೇ ಇತ್ತು.

"ಅಣ್ಣಾರ, ಮೊದಲ ಆ ಟಾವೆಲ್ ತಗದಿಡ್ರಿ" ಎಂದ ಜ್ಯೋತೆಪ್ಪ.

"ಬೀಗರು ಹಾಕಿದ್ದನ್ನ ಬೀಗರ ಮನ್ಯಾಗ ತಗೀಬೇಕೇನೋ? ಹೊಸ್ತಿಲಾ ದಾಟೂತನಕಾ ಇದು ಕೊಳ್ಳಾಗ ಇರಬೇಕು."

"ತಿರುಗೂ ಮಷೀನಿಗೆ ಬೀಗರು ಬಿಜ್ಜರು ಗೊತ್ತಾಗೂದಿಲ್ರಿ. ಬಾಜೂ ಹಿಡಿಕಿ ಹಚ್ಚತೇನಿ, ಎರಡೂ ಕೈಲೆ ಹಿಡೀರಿ. ಕಣ್ಣಿಗೆ ಚಷ್ಮಾ ಹಾಕ್ರಿ. ಲಾಕಿನ ಬಟನ್ ಒತ್ತಬ್ಯಾಡ್ರಿ, ಬೆರಳು ಬಿಟ್ಟ ಕೂಡ್ಲೆ ಅದು ನಿಂದರಬೇಕು."

"ಏ ಹೋಗಲೇ! ಹೋರಿ ಮೂಗುದಾಣಾ ಒಂದ ಕೈಲೆ ಹಿಡದಾಂವ ನಾ. ನಿನ್ನ ಗುಂಗಿಹುಳಕ್ಕ ಅಂಜತೇನೇನು?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು, ನಕ್ಕವರೆಲ್ಲ ಎದ್ದು ಹೋದರು. ಕೋಣೆಯಲ್ಲಿ ಉಳಿದವರು ನಾವಿಬ್ಬರೇ.

ಲಾಕಿನ ಬಟನ್ ಒತ್ತಿದೆ. ಒಂದು ಕೈ ಟೋಪಿ ಸರಿಮಾಡಲು ಬೇಕಾಗಿತ್ತಲ್ಲ! ತೂತು ಎಷ್ಟು ಆಳವಾಯಿತೆಂದು ಬಗ್ಗಿದೆ. ಟಾವೆಲಿನ ಸೆರಗು ತಿರುಗುವ ಮಷೀನಿಗೆ ಸುತ್ತಿಕೊಂಡಿತು. ಬೆರಳು ಬಿಟ್ಟೆ, ಮಷೀನು ನಿಲ್ಲಲಿಲ್ಲ. ಕೊರಳು ಬಿಗಿಯುತ್ತ ಬಂತು, ಮುಖ ಅದರ ಹತ್ತಿರ ಹೋಗತೊಡಗಿತು. ಪ್ಲಗ್ಗು ಆಚೆ ಕೋಣೆಯಲ್ಲಿತ್ತು. ಓಡಿ ಹೋಗಿ ಕೀಳುವಷ್ಟು ಹೊತ್ತಿರಲಿಲ್ಲ, ಜ್ಯೋತೆಪ್ಪ ನನ್ನ ಕೊರಳಿನ ಬಳಿ ಕೈ ಹಾಕಿ ಟಾವೆಲನ್ನು ಎಳೆದ. ಟಾವೆಲ್ ಬಿಚ್ಚಿ ನಾನು ಹಿಂದೆ ಬಿದ್ದೆ. ಅವನ ಕೈ ಮಷೀನಿನಲ್ಲಿ ಸಿಕ್ಕಿತು.

ನೀವೆಲ್ಲ ಓಡಿ ಬಂದಾಗ ಕಂಡದ್ದು ನೆತ್ತರು ಮಾತ್ರ. ನಿನ್ನ ಮಾವನವರು, "ಏನಾತ್ರಿ?" ಎಂದರು. ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು: "ಚಾಲೂ ಮಷೀನಿಗೆ ಕೈ ಹಾಕಿದ್ರ ಇನ್ನೇನ ಆಗತೈತ್ರಿ?"

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ ಶುಭಾ, ಇಡೀ ಮಾತೇ ಸುಳ್ಳು.

ಜ್ಯೋತೆಪ್ಪ ಒಮ್ಮೆ ನನ್ನ ಮುಖ ನೋಡಿದ. "ಹೌದ್ರಿ, ನಂದ ತಪ್ಪಾತು" ಎಂದ. ರಿಕ್ಷಾದಲ್ಲಿ ದವಾಖಾನೆಗೆ ಹೋಗುವಾಗ ಯಾಕೆ ಹಾಗಂದೆ ಎಂದು ಕೇಳಿದೆ. "ಶುಭಾ ತಂಗಿ ಹೊಸದಾಗಿ ಬಂದ ಮನಿರಿ ಅದು. ನಿಮ್ಮ ಮಾನಾ ಹೋದ್ರ ಅಕಿ ಮಂದಿ ಮಾತು ಕೇಳಬೇಕಾಗತೈತಿ" ಎಂದ. ಹಲ್ಲು ಕಚ್ಚಿಕೊಂಡೇ ಹೇಳಿದ.

ಅವನ ತೋರುಬೆರಳು ಈಗ ಮಡಚುವುದಿಲ್ಲ, ನಡುಬೆರಳಿನ ತುದಿಯಿಲ್ಲ. ಅಷ್ಟಾದರೂ ಕೆಲಸ ಮಾಡುತ್ತಾನೆ, ಮೊದಲಿನಷ್ಟೇ ನೇರವಾಗಿ ಮಾಡುತ್ತಾನೆ. ಆದರೆ ಸಾಂಗ್ಲಿಯಲ್ಲಿ ದಿನಕ್ಕೊಂದು ಬಿಲ್ಡಿಂಗ್ ಏಳುವ ಈ ಕಾಲದಲ್ಲಿ ಇಬ್ಬರು ಬಿಲ್ಡರರು ಅವನನ್ನು ಬಿಟ್ಟರು. ಬೇಜವಾಬ್ದಾರಿ ಮನುಷ್ಯನೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಚಹಾದ ಅಂಗಡಿಗಳಲ್ಲಿ ಆ ಸುದ್ದಿಗೆ ಕೈಕಾಲು ಹಚ್ಚಿ ಹೇಳಿದವನೂ ನಾನೇ. ಕೇಳುವವರು ಸಿಕ್ಕರೆ ನನ್ನ ನಾಲಿಗೆ ನಿಲ್ಲುವುದಿಲ್ಲ, ನಿನಗೆ ಗೊತ್ತೇ ಇದೆ.

ಈ ಪತ್ರವನ್ನು ನಿನ್ನ ಮಾವನವರ ಮುಂದೆ, ಸುಶಾಂತರಾವ್ ಮುಂದೆ ಓದು. ಮರಾಠಿ ಸಾಲೆಯಲ್ಲಿ ಕಲಿತ ನೀನು ಕನ್ನಡ ತಡೆದು ತಡೆದು ಓದುತ್ತೀ. ತಡೆದೇ ಓದು, ಆದರೆ ಗಟ್ಟಿಯಾಗಿ. ರವಿವಾರ ಮೀಟಿಂಗಿಗೆ ನಾನೂ ಬರುತ್ತೇನೆ. ಪತ್ರ ನನಗಿಂತ ಮೊದಲು ಮುಟ್ಟಿದ್ದರೆ, ಅಲ್ಲಿ ಬೀಗರ ಮುಖ ಕಂಡು ಮಾತು ತಿರುಗಿಸಲು ನನಗೆ ಎಡೆಯಿರುವುದಿಲ್ಲ. ನಿನಗೆ ಅತ್ತೆಮನೆಯಲ್ಲಿ ನನ್ನಿಂದ ಒಂದು ಮಾತು ಬಂದರೆ, ಈ ಮುದಿಯನನ್ನು ಬೈದುಬಿಡು, ಅವನನ್ನು ಮಾತ್ರ ಬಿಡಬೇಡ.

ನಿನ್ನ ಸಂಸಾರ ತಂಪಾಗಿರಲಿ, ಮನೆ ತುಂಬಿರಲಿ, ಮಗಳೇ.

ನಿನ್ನ
ಲಗಮಣ್ಣ ಕಾಕಾ

ತಾ.ಕ.: ಆ ದಿನ ಜ್ಯೋತೆಪ್ಪನನ್ನು ಮನೆಗೆ ಮುಟ್ಟಿಸಿದಾಗ ಅವನ ಹೆಂಡತಿ ನೀಲಗಂಗವ್ವ ನನ್ನ ಕಾಲು ಹಿಡಿದಳು. "ನೀವ ಇದ್ರಿ ಅಂತ ನಮ್ಮ ಯಜಮಾನ್ರು ಉಳದ್ರು" ಎಂದಳು. ಕೈಗೆ ಪಟ್ಟಿ ಕಟ್ಟಿಕೊಂಡು ಅವನು ಅಲ್ಲಿಯೇ ನಿಂತಿದ್ದ. ನಾನು, "ಇರ್ಲಿ ಬಿಡವಾ, ನಮ್ಮಾಂವ ಅಲ್ಲೇನು" ಎಂದೆ. ಅಂದಿನಿಂದ ಅಮಾಸಿಗೊಮ್ಮೆ ಆಕೆ ನಮ್ಮ ಮನೆಗೆ ಹೋಳಿಗೆ ಕಳಿಸುತ್ತಾಳೆ. ನಾಲ್ಕು ಅಮಾಸಿಯಾದವು. ನಾಲ್ಕೂ ಸಲ ತಿಂದಿದ್ದೇನೆ.