ಸೀಸಕ್ಕೆ ಅಲ್ಲಿ ಕೆಲಸವಿಲ್ಲ

ನವೆಂಬರ್ ೧೪, ರಾತ್ರಿ

ಉಗುಳಿನಲ್ಲಿರುವ ಲೋಹಗಳನ್ನು ಅಳೆಯುವ ಯಂತ್ರ ಸರಿಯಿದೆಯೇ ಎಂದು ನೋಡಲು ಬೆಳಿಗ್ಗೆ ನಮ್ಮಲ್ಲೇ ಒಬ್ಬರು ಟ್ಯೂಬಿಗೆ ಉಗುಳುವುದು ಲ್ಯಾಬಿನ ರೂಢಿ. ಇವತ್ತು ನನ್ನ ಸರದಿ. ಸೀಸ ವಿಪರೀತ ಬಂತು.

"ಟ್ಯೂಬ್ ಸರಿಯಾಗಿ ತೊಳ್ದಿಲ್ಲ ನೀನು," ಎಂದು ಮೇಲ್ವಿಚಾರಕಿ ಸಿಡುಕಿದಳು. ಹೊಸ ಟ್ಯೂಬಿಗೆ ಉಗುಳಿದೆ. ಅದೇ ಅಂಕಿ. ಆಮೇಲೆ ಮೆಲ್ಲಗೆ ಕೇಳಿದಳು, "ನಿನ್ ಗಂಡ ಬ್ಯಾಟರಿ ಫ್ಯಾಕ್ಟರಿಲಿ ಅಲ್ವಾ ಇರೋದು?"

ಉಗುಳಿನ ಸತುವಿನಿಂದ ನಾಲಿಗೆಗೆ ರುಚಿ, ಕ್ಯಾಲ್ಸಿಯಂನಿಂದ ಹಲ್ಲಿಗೆ ಕಾವಲು. ಸೀಸಕ್ಕೆ ಅಲ್ಲಿ ಯಾವ ಕೆಲಸವೂ ಇಲ್ಲ. ಹೊಸಬರಿಗೆಲ್ಲ ಇದನ್ನು ಹೇಳಿಕೊಡುವವಳು ನಾನು. ಸೀಸದ ಧೂಳು ಮೆತ್ತಿದ ಇವರ ಫ್ಯಾಕ್ಟರಿ ಅಂಗಿಯನ್ನು ದಿನಾ ಬಚ್ಚಲಲ್ಲಿ ಕೊಡವಿ ಒಗೆಯುವವಳೂ ನಾನೇ.

ಸಂಜೆ ಇವರಿಗೆ ಹೇಳಿದೆ. "ನಾನೇ ಗುಂಡುಕಲ್ಲಿನ ಹಾಗಿದೀನಿ, ನಿಂಗೇನಾಗತ್ತೆ ಬಿಡೇ," ಎಂದು ನಕ್ಕರು. ಮೈಯೆಲ್ಲ ಉರಿದುಹೋಯಿತು.

ಅಪ್ಪ ಸಂಜೆ ಕಳಚಿಟ್ಟ ಅಂಗಿಯನ್ನು ತಬ್ಬಿಕೊಳ್ಳದೆ ಮಗಳಿಗೆ ನಿದ್ದೆ ಬರುವುದಿಲ್ಲ. ರಗಳೆ ತಪ್ಪಲಿ ಎಂದು ಅದನ್ನು ಕೈಗೆ ಕೊಟ್ಟು ಅಭ್ಯಾಸ ಮಾಡಿಸಿದವಳು ಬೇರೆ ಯಾರೂ ಅಲ್ಲ. ಇವತ್ತು ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅದರ ತೋಳನ್ನು ಚೀಪುತ್ತಾ ಮಲಗಿಬಿಟ್ಟಿದ್ದಳು. ಎಳೆದು ತೆಗೆದೆ.

ಲ್ಯಾಬಿನಿಂದ ಖಾಲಿ ಟ್ಯೂಬ್ ತಂದಿದ್ದೇನೆ. ಮಗಳ ಬಾಯಿ ತೆರೆದೇ ಇದೆ, ಜೊಲ್ಲು ದಿಂಬಿಗೆ ಇಳಿಯುತ್ತಿದೆ. ಟ್ಯೂಬನ್ನು ಅವಳ ತುಟಿಗೆ ಹಿಡಿದರೆ ಸಾಕು, ಅಷ್ಟೇ. ಮುಚ್ಚಳ ತೆಗೆಯದೆ ಇದನ್ನೇ ಬರೆಯುತ್ತಾ ಕೂತಿದ್ದೇನೆ.