ಅಮ್ಮ ಒತ್ತಿದ ‘ಬೇಡ’

೧೨ ಮಾರ್ಚ್, ಭಾನುವಾರ

ನನ್ನ ಮುದ್ದಿನ ತಂಗಿಗೆ,

ನಿನ್ನ ಎರಡು ಪತ್ರಕ್ಕೂ ಉತ್ತರವಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ, ತಪ್ಪು ನನ್ನದೇ. ಅಮ್ಮನ ಕಾಲಿನ ಪಟ್ಟಿ ನಿನ್ನೆ ಬಿಚ್ಚಿದರು. ಕೋಲು ಹಿಡಿದು ಅಡುಗೆಮನೆಯವರೆಗೆ ಹೋಗಿ, ಒಲೆ ಒರೆಸಿದ್ದು ಸರಿಯಿಲ್ಲವೆಂದು ನನಗೆ ಬೈದು ಬಂದಳು. ಅಂದರೆ ಗುಣವಾಗುತ್ತಿದ್ದಾಳೆ.

ಆಫೀಸಿನಲ್ಲಿ ಬೇರೆಯೇ ರಗಳೆ. ಪರದೆಯ ಮೇಲೆ ಏನು ಎಲ್ಲಿರಬೇಕು, ಹೇಗಿರಬೇಕು ಎಂದು ನೋಡಿಕೊಳ್ಳುತ್ತಿದ್ದ ಡಿಸೈನರ್ ಕೆಲಸ ಬಿಟ್ಟಳು. “ಇನ್ಮೇಲೆ ಕೋಡ್ ಬರೆಯೋರೇ ಅದನ್ನೂ ಕಲೀಬೇಕು,” ಎಂದರು ಬಾಸ್. ಪಕ್ಕದ ಮೇಜಿನ ಗಡ್ಡದಣ್ಣ ಸಿಡಿದೆದ್ದ. “ಅಡುಗೆ ಮಾಡಿದೋನೇ ಬಡಿಸ್ಬೇಕು, ಆಮೇಲೆ ತುತ್ತು ಮಾಡಿ ಬಾಯಿಗೂ ಇಡ್ಬೇಕಾ?” ಎಲ್ಲರೂ ನಕ್ಕರು. ಹೋದ ತಿಂಗಳಾಗಿದ್ದರೆ ನಾನು ಅವನಿಗಿಂತ ಜೋರಾಗಿ ಕೂಗಾಡುತ್ತಿದ್ದೆ. ಈಗ ಯಾವ ಕಡೆಗೂ ಕೈ ಎತ್ತಲಾಗಲಿಲ್ಲ.

ಅಮ್ಮನ ಫೋನಿಗೆ ನಾನೇ ಒಂದು ಆ್ಯಪ್ ಮಾಡಿಕೊಟ್ಟಿದ್ದೆನಲ್ಲ, ದೊಡ್ಡ ಕೆಂಪು ಗುಂಡಿಯದು? ಒತ್ತಿದರೆ ನಾನೆಲ್ಲಿದ್ದರೂ ನನ್ನ ಫೋನು ಬಡಿದುಕೊಳ್ಳಬೇಕು. ಕೈ ತಗುಲಿ ಒತ್ತಿಹೋದರೆ ಎಂದು, ನಮ್ಮ ಕಸುಬಿನ ಅಭ್ಯಾಸದಂತೆ, ನಡುವೆ ಒಂದು ಪ್ರಶ್ನೆ ಇಟ್ಟಿದ್ದೆ: “ನಿಜವಾಗಿಯೂ ಕರೆಯಬೇಕೇ?” ಕೆಳಗೆ ‘ಹೌದು’, ‘ಬೇಡ’. ಬಚ್ಚಲಲ್ಲಿ ಜಾರಿ ಬಿದ್ದ ದಿನ ಅಮ್ಮ ಗುಂಡಿ ಒತ್ತಿದ್ದಾಳೆ. ಪ್ರಶ್ನೆ ಓದಿದ್ದಾಳೆ. ‘ಬೇಡ’ ಒತ್ತಿ, ನಾನು ಸಂಜೆ ಮನೆಗೆ ಬರುವವರೆಗೂ ಒದ್ದೆ ನೆಲದ ಮೇಲೆ ಕೂತಿದ್ದಾಳೆ.

ಕೋಡಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ ಕಣೇ. ತಿರುಗಿ ತಿರುಗಿ ನೋಡಿದೆ. ಹಾಗಾದರೆ ತಪ್ಪಿದ್ದೆಲ್ಲಿ? ಆ ಡಿಸೈನರ್‌ಗೆ ತೋರಿಸಿದ್ದರೆ ಹಿಡಿಯುತ್ತಿದ್ದಳೇ? ನಾನೇ ಕಲಿತಿದ್ದರೆ ಹೊಳೆಯುತ್ತಿತ್ತೇ? ಬಾಸ್ ಹೇಳಿದ್ದು ಸರಿ ಅನ್ನಿಸುತ್ತದೆ. ಗಡ್ಡದಣ್ಣ ಬಾಯಿ ತೆರೆದರೆ ಅವನದೂ ಸರಿಯೇ. ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ಡಿಸೈನ್ ತರಬೇತಿಗೆ ಹೆಸರು ಕೊಟ್ಟಿದ್ದೇನೆ, ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ.

ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಮೈ ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಮರೆತಿದ್ದೆ ಎಂದು ಬರೆಯೋಣವೆಂದುಕೊಂಡೆ, ಮರೆತಿರಲಿಲ್ಲ. ಆ ಪ್ರಶ್ನೆ ತೆಗೆದುಹಾಕಿದ್ದೇನೆ. “ಅದು ಫೋನ್ ಕೇಳೋದಮ್ಮ, ನಾನಲ್ಲ,” ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಹೌದಾ? ನೀನೇ ಅಂದ್ಕೊಂಡೆ. ನಾನು ಫೋನ್ ಮಾಡಿದಾಗೆಲ್ಲ ನೀನು ಹಾಗೇ ತಾನೇ ಕೇಳೋದು?” ಎಂದಳು.