ಹಡಗಿನಿಂದ ಇಳಿದ ಅಸಲು

ಥೋತ್ ತಿಂಗಳ ಹನ್ನೆರಡು, ಅಲೆಕ್ಸಾಂಡ್ರಿಯ.

ಇವತ್ತಿನ ನಗು ಇನ್ನೂ ಹೊಟ್ಟೆಯಲ್ಲೇ ಇದೆ, ಬರೆದೇ ಮಲಗುತ್ತೇನೆ. ಬಂದರಿಗೆ ಬಂದ ಹಡಗಿನಲ್ಲಿ ಗ್ರಂಥ ಸಿಕ್ಕರೆ ಅಸಲು ನಮ್ಮ ಗ್ರಂಥಾಲಯಕ್ಕೆ, ನಕಲು ಒಡೆಯನಿಗೆ. ಇದು ರಾಜಾಜ್ಞೆ. ನಕಲು ಬರೆಯುವವನು ನಾನು.

ಬೆಳಿಗ್ಗೆ ರೋಡ್ಸ್ ದ್ವೀಪದ ವ್ಯಾಪಾರಿ ಥ್ರಾಸಿಯನ ಹಡಗಿನಿಂದ ಜೇನುಸಾಕಣೆಯ ಸುರುಳಿಯೊಂದು ಬಂತು. ಬಿಚ್ಚಿದರೆ ನನ್ನದೇ ಅಕ್ಷರ! ಹಿಂದೊಮ್ಮೆ ಅವನಿಗೆ ಕೊಟ್ಟಿದ್ದ ನಕಲು.

ಮುಖ್ಯಸ್ಥ ಹೆರ್ಮೋನರ ಬಳಿ ಓಡಿದೆ. "ಸ್ವಾಮಿ, ಇದರ ಅಸಲು ನಮ್ಮಲ್ಲೇ ಇದೆ. ಇದು ನಾನು ಬರೆದಿದ್ದು."

"ಹಡಗಿಂದ ಇಳೀತಾ?"

"ಇಳೀತು."

"ಹಂಗಾದ್ರೆ ಇದೂ ಅಸಲೇ. ತೆಪ್ಪಗೆ ಹೋಗಿ ನಕಲು ಮಾಡಯ್ಯ."

ಬಾಗಿಲಲ್ಲಿ ಕಾಯುತ್ತಿದ್ದ ಥ್ರಾಸಿಯ ಹಣೆ ಚಚ್ಚಿಕೊಂಡ. "ಮುಂದಿನ ಸಲ ಬಂದಾಗ ಆ ನಕಲನ್ನೂ ಕಿತ್ಕೋತೀರೇನ್ರಪ್ಪಾ?"

ರಾಜಾಜ್ಞೆಯಲ್ಲವೇ? ಕಿತ್ತುಕೊಳ್ಳುತ್ತೇವೆ.

ನಾಳೆ ನಕಲು ಮುಗಿದರೆ ಮಹಾಪಂಡಿತರ ಸುರುಳಿಗಳ ನಡುವೆ, ಅಸಲೆಂಬ ಚೀಟಿ ಕಟ್ಟಿಕೊಂಡು ನನ್ನ ಅಕ್ಷರ ಕೂರುತ್ತದೆ. ಕಾಗೆ ಕಾಲು ಗುಬ್ಬಿ ಕಾಲು ಎಂದು ಬೈಯುತ್ತಿದ್ದ ನಮ್ಮ ಮೇಷ್ಟ್ರನ್ನು ಕರೆದು ತೋರಿಸಬೇಕು. ನಾಳೆಯದನ್ನು ಇನ್ನೂ ದುಂಡಗೆ ಬರೆಯಬೇಕು. ಅದೂ ಒಂದು ದಿನ ಅಸಲಾಗುವುದೇ ತಾನೆ.